ಗುಳ್ಳೆ ಹೇಳುವ ಮಟ್ಟ

ಕನ್ನಡದ ಓದುಗನಿಗೆ ನೀರಿನ ಮಟ್ಟವೆಂಬುದು ಹೊಸ ವಿಷಯವಲ್ಲ. ಮಳೆಗಾಲ ಬಂದಿತೆಂದರೆ ಮೈಸೂರು, ಮಂಡ್ಯಗಳ ಕಡೆಯವರು ಬೆಳಗಿನ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಕನ್ನಂಬಾಡಿಯ ಅಂಕಿಯನ್ನು. ಅದು 124.80 ಅಡಿಯನ್ನು ಮುಟ್ಟಿದರೆ ಕಟ್ಟೆ ತುಂಬಿತೆಂದು ಅರ್ಥ. ಬಳ್ಳಾರಿ, ರಾಯಚೂರುಗಳವರಿಗೆ ಇಂಥದೇ ಅಂಕಿ ತುಂಗಭದ್ರೆಯ 1633 ಅಡಿ. ಇನ್ನು ಬಿಳಿಗುಂಡ್ಲು. ಆ ಗಡಿಯ ಊರನ್ನು ಕಣ್ಣಾರೆ ಕಂಡ ಕನ್ನಡಿಗರು ಕಡಿಮೆ. ಅದರ ಹೆಸರನ್ನು ಕೇಳದವರು ಅದಕ್ಕಿಂತಲೂ ಕಡಿಮೆ. ಅಲ್ಲಿರುವುದು ಕೇಂದ್ರ ಜಲ ಆಯೋಗದ ಒಂದು ಮಾಪನ ಕೇಂದ್ರ. ಸಾಧಾರಣ ವರ್ಷದಲ್ಲಿ 177.25 ಟಿಎಂಸಿ ಕಾವೇರಿ ನೀರು ತಮಿಳುನಾಡಿಗೆ ಸೇರಬೇಕೆಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿ 16ರಂದು ಹೇಳಿದಾಗ, ಆ ನೀರನ್ನು ಎಣಿಸುವ ಸ್ಥಳವಾಗಿ ಉಳಿದದ್ದು ಬಿಳಿಗುಂಡ್ಲುವೇ. ಒಂದು ಊರು ತನ್ನ ದೇವಸ್ಥಾನದಿಂದಲ್ಲ, ಜಾತ್ರೆಯಿಂದಲ್ಲ, ಹೊಳೆಯ ದಡದಲ್ಲಿ ನಿಲ್ಲಿಸಿದ ಅಳತೆಪಟ್ಟಿಯಿಂದ ನಾಡಿಗೆಲ್ಲ ಪರಿಚಿತವಾದ ಉದಾಹರಣೆ ಇದು.

ಮುಂಬಯಿಯ ಧಾರಾವಿಯ ಅಂಚಿನಲ್ಲಿ ಹರಿಯುವ ಮಿಠಿ ನದಿಗೆ ಇಂಥ ಗೌರವ ಬಹುಕಾಲ ದೊರೆಯಲಿಲ್ಲ. ಬಹುಜನರ ಬಾಯಲ್ಲಿ ಅದು ನದಿಯೇ ಆಗಿರಲಿಲ್ಲ, ನಾಲಾ ಆಗಿತ್ತು. ಲೋಕಲ್ ಗಾಡಿಯ ಕಿಟಕಿಯಿಂದ ಮೂಗು ಮುಚ್ಚಿಕೊಂಡು ದಾಟುವ ಕಪ್ಪು ನೀರು, ಅಷ್ಟೇ. ಅದರ ಹುಟ್ಟಾದರೋ ಹಾಗಿಲ್ಲ. ಬ್ರಿಟಿಷರ ಕಾಲದಲ್ಲಿ, 1860ರಲ್ಲಿ, ಮುಂಬಯಿಗೆ ಕುಡಿಯುವ ನೀರು ಕೊಡಲೆಂದು ಹೆನ್ರಿ ಕಾನಿಬೇರ್ ಎಂಬ ಎಂಜಿನಿಯರನ ಯೋಜನೆಯಂತೆ ಕಟ್ಟಿದ ವಿಹಾರ ಕೆರೆ ಕೋಡಿ ಬಿದ್ದಾಗ ಹರಿದು ಬರುವ ನೀರು ಈ ನದಿಯ ಮೂಲ. ಆಮೇಲೆ ಕಟ್ಟಿದ ಪವಯಿ ಕೆರೆಯ ಕೋಡಿಯ ನೀರೂ ಇದಕ್ಕೇ ಸೇರುತ್ತದೆ. ಅಲ್ಲಿಂದ ಸಾಕಿನಾಕಾ, ಕುರ್ಲಾ, ಕಲೀನಾಗಳ ಮಗ್ಗುಲಿನಲ್ಲಿ, ವಿಮಾನ ನಿಲ್ದಾಣದ ಓಡುದಾರಿಯ ಅಡಿಯಲ್ಲಿ ನುಸುಳಿ, ಬಾಂದ್ರಾ-ಕುರ್ಲಾ ಸಂಕೀರ್ಣಕ್ಕಾಗಿ ತುಂಬಿಸಿದ ಜೌಗುನೆಲವನ್ನು ಬಳಸಿ, ಧಾರಾವಿಯನ್ನು ಎಡಕ್ಕಿಟ್ಟುಕೊಂಡು, ಮಾಹಿಮಿನ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತದೆ. ಒಟ್ಟು ಹದಿನೆಂಟು ಕಿಲೋಮೀಟರಿನಷ್ಟು ಪಯಣ. ಕಾವೇರಿಯನ್ನು ಕಂಡವರಿಗೆ ಇದು ನಗು ಬರಿಸುವ ಉದ್ದ.

ಹೆಸರಿನ ವಿಚಾರ ಭಾಷೆಯ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರವಾಗಿದೆ. ಹಿಂದಿಯ ಕಿವಿಗೆ ‘ಮಿಠಿ’ ಎಂದರೆ ಸಿಹಿ. ಮರಾಠಿಯಲ್ಲಿ ‘ಮಿಠಿ’ ಎಂದರೆ ಅಪ್ಪುಗೆ. ಅದೇ ಮರಾಠಿಯಲ್ಲಿ ‘ಮೀಠ’ ಎಂದರೆ ಉಪ್ಪು. ಸಿಹಿ, ಉಪ್ಪು, ಅಪ್ಪುಗೆ ಎಂಬ ಮೂರು ಅರ್ಥಗಳೂ ಒಂದೇ ಹೆಸರಿನ ಸುತ್ತ ಸುಳಿಯುತ್ತಿವೆ. ವ್ಯುತ್ಪತ್ತಿಯ ಚರ್ಚೆಯನ್ನು ಬದಿಗಿಟ್ಟು ಧಾರಾವಿಯ ದಡದಲ್ಲಿ ನಿಂತು ನೋಡಿದರೆ ಮೂರೂ ಸರಿಯೆಂದೇ ತೋರುತ್ತದೆ. ಮೇಲಿನಿಂದ ಸಿಹಿನೀರು ಇಳಿಯುತ್ತದೆ. ಕೆಳಗಿನಿಂದ ದಿನಕ್ಕೆರಡು ಬಾರಿ ಉಪ್ಪುನೀರು ಏರುತ್ತದೆ. ಎರಡೂ ತೆಕ್ಕೆಬೀಳುವುದು ಇಲ್ಲಿಯೇ. ಕೋಳಿಗಳು ಇದನ್ನು ‘ಭರತಿ-ಓಹೋಟಿ’ ಎನ್ನುತ್ತಾರೆ. ನಮ್ಮ ಕರಾವಳಿಯ ಮೀನುಗಾರರು ‘ಭರತ-ಇಳಿತ’ ಎನ್ನುತ್ತಾರೆ. ಪಠ್ಯಪುಸ್ತಕದ ‘ಉಬ್ಬರ’ಕ್ಕಿಂತ ಕಡಲಂಚಿನ ಈ ‘ಭರತ’ ಎಷ್ಟೋ ಮೇಲು, ಕೊಂಕಣದ ತೀರವೆಲ್ಲ ಒಂದೇ ಮಾತನ್ನಾಡುವುದು ಅದರಲ್ಲಿ ಕೇಳಿಸುತ್ತದೆ. 1909ರ ಗ್ಯಾಜೆಟಿಯರು ಧಾರಾವಿಯನ್ನು ಮುಂಬಯಿಯ ಆರು ದೊಡ್ಡ ಕೋಳಿವಾಡೆಗಳಲ್ಲಿ ಒಂದೆಂದು ಗುರುತಿಸಿದೆ. ಚರ್ಮ ಹದಮಾಡುವವರು, ಸೌರಾಷ್ಟ್ರದ ಕುಂಬಾರರು, ತಿರುನೆಲ್ವೇಲಿಯ ತಮಿಳರು, ಕಲಬುರಗಿ ಬಿಜಾಪುರಗಳ ಕನ್ನಡಿಗರು ಬಂದು ನೆಲಸುವ ಮುನ್ನ ಅಲ್ಲಿದ್ದುದು ಬಲೆಯೂ ದೋಣಿಯೂ. ನೀರಿನ ಏರಿಳಿತ ಅವರಿಗೆ ಅಳತೆಯ ವಿಷಯವಾಗಿರಲಿಲ್ಲ, ತಿಥಿಯ ವಿಷಯವಾಗಿತ್ತು. ಹುಣ್ಣಿಮೆ ಅಮಾವಾಸ್ಯೆಗಳನ್ನು ಬಲ್ಲವನು ನೀರನ್ನು ಬಲ್ಲ.

ಆದರೆ ಚಂದ್ರನನ್ನು ಮಾತ್ರ ಬಲ್ಲವನಿಗೆ ಮಳೆ ತಿಳಿಯದು. 2005ರ ಜುಲೈ 26ರಂದು ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ ಇಪ್ಪತ್ತನಾಲ್ಕು ತಾಸುಗಳ ಲೆಕ್ಕಕ್ಕೆ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 74 ಮಿಲಿಮೀಟರಿನಷ್ಟು. ದಕ್ಷಿಣದ ಕಚೇರಿಗಳಲ್ಲಿ ಕುಳಿತವರಿಗೆ ಅದು ಸಾಮಾನ್ಯ ಶ್ರಾವಣದ ಮಳೆಯಂತೆ ಕಂಡಿರಬೇಕು. ನಗರದ ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು, ಅದೂ ಸಮುದ್ರ ಇಳಿತದಲ್ಲಿರುವಾಗ ಮಾತ್ರ, ಸಾಗಿಸಬಲ್ಲವಾಗಿದ್ದವು. ಅದನ್ನು 50ಕ್ಕೆ ಏರಿಸಬೇಕೆಂದು 1993ರ ಬ್ರಿಮ್‌ಸ್ಟೋವಾಡ್ ವರದಿ ಹೇಳಿ ಹನ್ನೆರಡು ವರ್ಷಗಳಾಗಿದ್ದವು. ಅಂದು ಸಮುದ್ರವೂ ಸುಮಾರು ನಾಲ್ಕೂವರೆ ಮೀಟರಿನ ಭರತದಲ್ಲಿತ್ತು. ಕೆಳಗಿನಿಂದ ಬಾಗಿಲು ಹಾಕಿದಂತಾಯಿತು. ಮೇಲಿನಿಂದ ಮಿಠಿ ಬಂದಿತು. ಮುಂಬಯಿಯಲ್ಲಿಯೇ 400ಕ್ಕೂ ಹೆಚ್ಚು ಜನ ಸತ್ತರು. ಮರುದಿನ ಪತ್ರಿಕೆಗಳನ್ನು ಓದಿದ ಅನೇಕ ಮುಂಬಯಿಕರರಿಗೆ ತಮ್ಮ ಊರಿನಲ್ಲಿ ಒಂದು ನದಿಯಿದೆಯೆಂಬುದು ಸುದ್ದಿಯಾಗಿತ್ತು.

ಆ ಬಳಿಕ ಅಳತೆ ಆರಂಭವಾಯಿತು. ಮಾಧವರಾವ್ ಚಿತಳೆಯವರ ಅಧ್ಯಕ್ಷತೆಯ ಸತ್ಯಶೋಧನ ಸಮಿತಿ 2006ರಲ್ಲಿ ವರದಿ ಕೊಟ್ಟಿತು. ಅಗ್ನಿಶಾಮಕ ಠಾಣೆಗಳ ಮಾಳಿಗೆಗಳ ಮೇಲೆ ಸ್ವಯಂಚಾಲಿತ ಮಳೆಮಾಪಕಗಳು ಬಂದವು. ಮಿಠಿಯ ಮಟ್ಟವನ್ನು ನಿಯಂತ್ರಣ ಕೊಠಡಿಗೆ ತಿಳಿಸುವ ಸಾಧನಗಳು ಬಂದವು. 2020ರ ಜೂನಿನಲ್ಲಿ ಕೇಂದ್ರ ಭೂವಿಜ್ಞಾನ ಸಚಿವಾಲಯ ಮತ್ತು ಮಹಾನಗರಪಾಲಿಕೆ ಸೇರಿ ‘ಐ-ಫ್ಲೋಸ್’ ಎಂಬ ಮುನ್ಸೂಚನೆಯ ವ್ಯವಸ್ಥೆಯನ್ನು ತಂದವು. ಇವೆಲ್ಲದರ ಬುಡದಲ್ಲಿರುವ ಪ್ರಶ್ನೆ ಒಂದೇ, ಮಗುವೂ ಕೇಳಬಹುದಾದದ್ದು: ಈಗ ನೀರು ಎಷ್ಟು ಎತ್ತರದಲ್ಲಿದೆ?

ಉತ್ತರಿಸುವ ಬಗೆಗಳು ಹಲವು. ಸೇತುವೆಯ ಕಂಬಕ್ಕೆ ಬಣ್ಣದ ಅಳತೆಪಟ್ಟಿ ಬರೆದು ಕಣ್ಣಿನಿಂದ ಓದುವುದು ಎಲ್ಲಕ್ಕಿಂತ ಹಳೆಯದು. ದಡದಲ್ಲಿ ಬಾವಿ ತೋಡಿ, ನದಿಯ ನೀರನ್ನು ಕೊಳವೆಯಿಂದ ಅದರೊಳಕ್ಕೆ ಬಿಟ್ಟು, ಅಲ್ಲಿ ತೇಲುಬುಂಡೆಯನ್ನಿಳಿಸಿ, ಅದರ ಏರಿಳಿತವನ್ನು ಉರುಳೆಯ ಮೇಲಿನ ಕಾಗದಕ್ಕೆ ಲೇಖನಿಯಿಂದ ಬರೆಸುವುದು ಎರಡನೆಯದು. ಮುಂಬಯಿಯ ಅಪೋಲೋ ಬಂದರಿನಲ್ಲಿ 1878ರಿಂದ ಸಮುದ್ರದ ಮಟ್ಟವನ್ನು ಹಿಡಿದಿಡಲು ಆರಂಭಿಸಿದ್ದು ಈ ತೇಲುಬುಂಡೆಯೇ. ಏಷ್ಯಾದ ಅತಿದೀರ್ಘ ಭರತದಾಖಲೆಗಳಲ್ಲಿ ಅದೂ ಒಂದು. ಸೇತುವೆಯಿಂದ ಕೆಳಮುಖವಾಗಿ ರಾಡಾರ್ ಅಲೆಯನ್ನು ಕಳುಹಿಸಿ ಮರುದನಿಯಿಂದ ದೂರವನ್ನು ಎಣಿಸುವುದು ಈಚಿನದು. ಈ ಎರಡರ ನಡುವೆ ಬಂದುದು ಗುಳ್ಳೆಯ ವಿಧಾನ. ಸರಳತೆಯಲ್ಲಿ ಅದಕ್ಕೆ ಸಾಟಿಯಿಲ್ಲ.

ಒಂದು ಸಣ್ಣ ನಳಿಗೆ. ಅದರ ಒಂದು ತುದಿಯನ್ನು ನದಿಯ ತಳದ ಹತ್ತಿರ ಅಲುಗಾಡದಂತೆ ಬಿಗಿದಿರುತ್ತಾರೆ. ಇನ್ನೊಂದು ತುದಿ ದಡದ ಮೇಲೆ, ಬೀಗ ಹಾಕಿದ ಪೆಟ್ಟಿಗೆಯೊಳಗೆ. ಅಲ್ಲಿಂದ ನೈಟ್ರೋಜನ್ ಸಿಲಿಂಡರಿನ ಅನಿಲವನ್ನೋ, ಪುಟ್ಟ ಪಂಪು ಒತ್ತಿ ಒಣಗಿಸಿಕೊಟ್ಟ ಗಾಳಿಯನ್ನೋ ಬಹಳ ನಿಧಾನವಾಗಿ ನಳಿಗೆಗೆ ಬಿಡುತ್ತಾರೆ. ಅನಿಲ ನಳಿಗೆಯಲ್ಲಿರುವ ನೀರನ್ನು ಹೊರಕ್ಕೆ ನೂಕಿ, ಕೆಳತುದಿಯ ಬಾಯಿಂದ ಗುಳ್ಳೆಗುಳ್ಳೆಯಾಗಿ ಹೊರಡುತ್ತದೆ. ಗುಳ್ಳೆ ಹೊರಡಬೇಕಾದರೆ ಆ ಬಾಯಿಯ ಮೇಲೆ ನಿಂತ ನೀರಿನ ಭಾರವನ್ನು ಅನಿಲ ಸರಿಗಟ್ಟಲೇಬೇಕು. ನೀರು ಹೆಚ್ಚಿದಷ್ಟೂ ಗುಳ್ಳೆಯನ್ನು ಹೊರಡಿಸುವುದು ಕಷ್ಟ. ಒಂದು ಮೀಟರ್ ಸಿಹಿನೀರು ತಳದ ಪ್ರತಿ ಚದರ ಮೀಟರಿನ ಮೇಲೆ ಸಾವಿರ ಕಿಲೋ ಭಾರ ಹೇರುತ್ತದೆ. ದಡದ ಪೆಟ್ಟಿಗೆಯಲ್ಲಿರುವ ಒತ್ತಡಮಾಪಕ ಈ ಭಾರವನ್ನು ಓದುತ್ತದೆ. ಓದಿದ್ದನ್ನು ಮೀಟರಿಗೆ ತಿರುಗಿಸುವುದು ಶಾಲೆಯ ಲೆಕ್ಕ. ಹಿಂದೆ ಈ ಓದುವಿಕೆಗೆ ಪಾದರಸದ ಕಂಬಗಳಿದ್ದವು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯವರು ತಮ್ಮ ನದಿಗಳ ಮೇಲೆ ದಶಕಗಟ್ಟಲೆ ಅವನ್ನು ನಡೆಸಿದರು. ಪಾದರಸದ ವಿಷಕ್ಕೆ ಅಂಜಿ ಆಮೇಲೆ ಬಿಟ್ಟರು. 1953ರ ಉತ್ತರ ಸಮುದ್ರದ ಮಹಾಪ್ರವಾಹದ ನಂತರ ಬ್ರಿಟನ್ನಿನಲ್ಲಿ ಬೆಳೆದ ಭರತಮಾಪಕಗಳ ಜಾಲದಲ್ಲಿಯೂ ಗುಳ್ಳೆಯೇ ಬಹುಕಾಲ ಮುಖ್ಯವಾಗಿತ್ತು. ನಮ್ಮ ಕೇಂದ್ರ ಜಲ ಆಯೋಗದ ದೂರಮಾಪನ ಕೇಂದ್ರಗಳಲ್ಲಿಯೂ ಅದು ಬಳಕೆಯಲ್ಲಿದೆ.

ಗುಳ್ಳೆ ಎಂದೊಡನೆ ಕನ್ನಡದ ಓದುಗನ ಮನಸ್ಸು ಬೇರೆ ಕಡೆಗೆ ಓಡುವುದು ಸಹಜ. ಬುದ್ಬುದ, ಬೊಬ್ಬುಳಿ, ನೀರ್ಗುಳ್ಳೆ, ಹೆಸರು ಯಾವುದಾದರೇನು, ವಚನಕಾರರಿಂದ ದಾಸರವರೆಗೆ ಅದು ನಂಬಬಾರದ್ದರ ಗುರುತು. ದೇಹಕ್ಕೂ ಸಂಪತ್ತಿಗೂ ಅದೇ ಉಪಮಾನ. ಎಂಜಿನಿಯರನು ಅದೇ ಗುಳ್ಳೆಯ ಮೇಲೆ ಭರವಸೆಯಿಟ್ಟು ಊರನ್ನು ತೆರವುಗೊಳಿಸಬೇಕೇ ಬೇಡವೇ ಎಂದು ನಿರ್ಧರಿಸುತ್ತಾನೆ. ಇಬ್ಬರ ಮಾತಿಗೂ ವಿರೋಧವಿಲ್ಲ. ಕವಿ ನೋಡಿದ್ದು ನೀರಿನ ಮೇಲೆ ಬಂದು ಒಡೆಯುವ ಗುಳ್ಳೆಯನ್ನು. ಎಂಜಿನಿಯರನಿಗೆ ಬೇಕಾದದ್ದು ತಳದಲ್ಲಿ ಬಾಯಿಬಿಟ್ಟು ಹೊರಡುವ ಗುಳ್ಳೆ. ಅದು ಮೇಲೆ ಬಂದು ಏನಾಯಿತೆಂಬುದು ಅವನಿಗೆ ಬೇಡದ ಕಥೆ.

ಮಿಠಿಯಂಥ ನದಿಗೆ ಈ ಉಪಾಯ ಒಪ್ಪುವ ಕಾರಣ ಸ್ಪಷ್ಟವಿದೆ. ನೀರಿನಲ್ಲಿ ಇಳಿದಿರುವುದು ಬರಿಯ ನಳಿಗೆ. ವಿದ್ಯುತ್ತಿಲ್ಲ, ತಿರುಗುವ ಚಕ್ರವಿಲ್ಲ, ತುಕ್ಕು ಹಿಡಿಯುವ ಯಂತ್ರವಿಲ್ಲ. ಪ್ಲಾಸ್ಟಿಕ್ ಚೀಲ, ತೆಂಗಿನ ಗರಿ, ಚಿಂದಿ, ಥರ್ಮೋಕೋಲಿನ ತುಂಡುಗಳು ತೇಲುವ ನೀರಿನಲ್ಲಿ ರಾಡಾರ್ ಕೆಲವೊಮ್ಮೆ ಕಸದ ಬೆನ್ನನ್ನೇ ನೀರೆಂದು ಎಣಿಸೀತು. ಗುಳ್ಳೆಗೆ ಕಸದ ಹಂಗಿಲ್ಲ. ತೇಲುಬುಂಡೆಯ ಬಾವಿ ಇಲ್ಲಿ ಒಂದೇ ಮಳೆಗಾಲದಲ್ಲಿ ಹೂಳು ತುಂಬಿ ಕುಳಿತೀತು. ನಳಿಗೆಯ ಬಾಯಿಗೂ ಹೂಳು ಕಟ್ಟುತ್ತದೆ, ನಿಜ. ಆದರೆ ಆಗಾಗ ಜೋರಾಗಿ ಗಾಳಿ ಊದಿ ಅದನ್ನು ತೆರೆದುಕೊಳ್ಳಬಹುದು, ಒಲೆಯ ಊದುಗೊಳವೆಯಲ್ಲಿ ಬೂದಿ ಹಾರಿಸಿದ ಹಾಗೆ. ನಳಿಗೆಯನ್ನು ದಡದಿಂದ ತಳದವರೆಗೆ ಎಡೆಬಿಡದ ಇಳಿಜಾರಿನಲ್ಲಿ ಹಾಯಿಸಬೇಕು. ನಡುವೆ ತಗ್ಗಿದ್ದರೆ ಅಲ್ಲಿ ಹನಿ ಕಟ್ಟಿ ಒತ್ತಡದ ಲೆಕ್ಕ ಕೆಡುತ್ತದೆ. ಪ್ರವಾಹಕ್ಕೆ ಎದುರಾಗಿ ಬಾಯಿಟ್ಟರೆ ಮಟ್ಟ ಹೆಚ್ಚು ತೋರುತ್ತದೆ, ಬೆನ್ನು ಮಾಡಿದರೆ ಕಡಿಮೆ. ಇಂಥ ನೇಮಗಳು ಇನ್ನೂ ಇವೆ.

ಇವೆಲ್ಲಕ್ಕೂ ಮೀರಿದ ತೊಡಕು ಬರುವುದು ಆ ಹೆಸರಿನಲ್ಲಿರುವ ಸಿಹಿ-ಉಪ್ಪುಗಳಿಂದಲೇ. ಗುಳ್ಳೆ ಅಳೆಯುವುದು ಎತ್ತರವನ್ನಲ್ಲ, ಭಾರವನ್ನು. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಧಾರಾವಿಯ ಹತ್ತಿರ ಸಾಧನವನ್ನಿಟ್ಟು, ಬೇಸಗೆಯ ಭರತದ ಉಪ್ಪುನೀರಿಗೆ ಹೊಂದಿಸಿದ್ದಾರೆಂದು ಭಾವಿಸೋಣ. ದಿನವೂ ಅದು ಸರಿಯಾಗಿಯೇ ಓದುತ್ತದೆ. ಆಮೇಲೆ ಒಂದು ದಿನ ಮೇಲೆ ಮಹಾಮಳೆಯಾಗುತ್ತದೆ. ವಿಹಾರ ಕೋಡಿ ಬೀಳುತ್ತದೆ. ಉಪ್ಪನ್ನು ಹಿಂದಕ್ಕೆ ತಳ್ಳಿಕೊಂಡು ಸಿಹಿನೀರು ನುಗ್ಗುತ್ತದೆ. ನಳಿಗೆಯ ಮೇಲೆ ಈಗ ನಿಂತಿರುವುದು ನಾಲ್ಕು ಮೀಟರ್ ಸಿಹಿನೀರು. ಸಾಧನ ಅದರ ಭಾರವನ್ನು ಉಪ್ಪಿನ ತಕ್ಕಡಿಯಲ್ಲಿ ತೂಗಿ, 3.9 ಮೀಟರ್ ಎಂದು ಹೇಳುತ್ತದೆ. ಹತ್ತು ಸೆಂಟಿಮೀಟರ್ ಕಡಿಮೆ, ಅದೂ ಕಡಿಮೆ ಹೇಳಬಾರದ ದಿನವೇ. ಇದಕ್ಕೆ ಮದ್ದಿಲ್ಲವೆಂದಲ್ಲ. ಮೊದಲಿನ ಬಾಯಿಗಿಂತ ಗೊತ್ತಾದ ಎತ್ತರದಲ್ಲಿ ಇನ್ನೊಂದು ನಳಿಗೆಯ ಬಾಯಿಯನ್ನಿಟ್ಟರೆ, ಎರಡು ಒತ್ತಡಗಳ ಅಂತರದಿಂದ ನೀರಿನ ಸಾಂದ್ರತೆಯೇ ತಿಳಿಯುತ್ತದೆ. ಆದರೆ ಆ ಎರಡನೆಯ ನಳಿಗೆ ಬೇಕೆಂದು ಯಾರಿಗಾದರೂ ಮೊದಲು ಹೊಳೆಯಬೇಕು.

ಹತ್ತು ಸೆಂಟಿಮೀಟರ್ ಎಂದರೆ ಎಷ್ಟು? ಗೋದಾವರಿಯ ದಡದಲ್ಲಿ ಅದು ಏನೂ ಅಲ್ಲ. ಧಾರಾವಿಯ ಗಲ್ಲಿಯಲ್ಲಿ ಅದು ಒಂದು ಹೊಸ್ತಿಲು. ಅಲ್ಲಿಯ ತಗ್ಗಿನ ಮನೆಗಳ ಬಾಗಿಲಿಗೆ ಇಟ್ಟಿಗೆ ಸಿಮೆಂಟಿನ ಅಡ್ಡಗಟ್ಟೆ ಕಟ್ಟಿರುತ್ತಾರೆ, ಒಳಗೆ ಹೋಗುವವರು ಕಾಲೆತ್ತಿ ದಾಟಬೇಕು. ಗ್ಯಾಸಿನ ಒಲೆ ಕಟ್ಟೆಯ ಮೇಲೆ, ಹಿಟ್ಟಿನ ಡಬ್ಬಿ ಅದಕ್ಕಿಂತ ಮೇಲೆ, ಮಕ್ಕಳ ಪುಸ್ತಕ ಮತ್ತು ರೇಷನ್ ಕಾರ್ಡು ಅಟ್ಟದ ಮೇಲೆ. ಮನೆಯ ಒಂದೊಂದು ಸಾಮಾನೂ ನಿಂತ ಎತ್ತರ ಹಿಂದಿನ ಯಾವುದೋ ಮಳೆಗಾಲದ ಮಟ್ಟವನ್ನು ಹೇಳುತ್ತದೆ. ರಸ್ತೆಗೆ ಪ್ರತಿ ಬಾರಿ ಕಾಂಕ್ರೀಟು ಹಾಕಿದಾಗಲೂ ರಸ್ತೆ ಏರುತ್ತದೆ, ಮನೆ ತಾನಿದ್ದಲ್ಲಿಯೇ ತಗ್ಗಾಗುತ್ತದೆ. ಮತ್ತೆ ಅಡ್ಡಗಟ್ಟೆಯನ್ನು ಎತ್ತರಿಸಬೇಕು. ಉತ್ತರ ಕರ್ನಾಟಕದ ಒಣನೆಲದಿಂದ ಬಂದವರಿಗೆ ಇದು ವಿಚಿತ್ರವಾದ ಪಲ್ಲಟ. ಅವರ ಮಾತಿನಲ್ಲಿ ‘ಹೊಳಿ ಬಂತು’ ಎಂದರೆ ಅಂಜಿಕೆಯಷ್ಟೇ ಹಿಗ್ಗೂ ಉಂಟು. ನೀರು ಬಂದರೆ ಬೆಳೆ ಬಂತು. ಇಲ್ಲಿ ಅದೇ ಮಾತಿನಲ್ಲಿ ಹಿಗ್ಗು ಉಳಿಯಲಿಲ್ಲ.

ಎತ್ತರವನ್ನು ಎಲ್ಲಿಂದ ಎಣಿಸುವುದೆಂಬ ಪ್ರಶ್ನೆ ಶಾಸನಗಳನ್ನು ಓದಿದವರಿಗೆ ಸುಲಭವಾಗಿ ಅರ್ಥವಾದೀತು. ಶಕವೋ ವಿಕ್ರಮವೋ ತಿಳಿಯದೆ ವರ್ಷದ ಅಂಕಿಯನ್ನು ಹೇಳಿ ಪ್ರಯೋಜನವಿಲ್ಲ. ಕನ್ನಂಬಾಡಿಯ 124.80 ಅಡಿ ಆ ಕಟ್ಟೆಯ ಸ್ವಂತ ಸೊನ್ನೆಯಿಂದ ಎಣಿಸಿದ್ದು, ತುಂಗಭದ್ರೆಯ 1633 ಸಮುದ್ರಮಟ್ಟದಿಂದ. ಮುಂಬಯಿಯಲ್ಲಿ ಸೊನ್ನೆಗಳು ಮೂರು. ನೆಲದ ಎತ್ತರವನ್ನು ಸರಾಸರಿ ಸಮುದ್ರಮಟ್ಟದಿಂದ ಹೇಳುತ್ತಾರೆ. ಭರತದ ಎತ್ತರವನ್ನು ನಾವಿಕರ ನಕ್ಷೆಯ ಸೊನ್ನೆಯಿಂದ ಹೇಳುತ್ತಾರೆ. ಅದು ಸರಾಸರಿ ಮಟ್ಟಕ್ಕಿಂತ ಎರಡೂವರೆ ಮೀಟರಿನಷ್ಟು ಕೆಳಗಿದೆ. ಆದುದರಿಂದ ನಾಲ್ಕೂವರೆ ಮೀಟರಿನ ಭರತವೆಂದು ಪತ್ರಿಕೆಗಳು ಹೆದರಿಸುವಾಗ, ಅದು ಸರಾಸರಿ ಕಡಲಿಗಿಂತ ಎರಡು ಮೀಟರ್ ಮೇಲೆ ಮಾತ್ರ. ಮಹಾನಗರಪಾಲಿಕೆಯ ಚರಂಡಿಗಳೂ ಕೆರೆಗಳೂ ಮೂರನೆಯ ಸೊನ್ನೆಯನ್ನು ನಂಬಿವೆ. ಅದರ ಹೆಸರು ಟೌನ್‌ಹಾಲ್ ಡೇಟಮ್, 1833ರಲ್ಲಿ ಪೂರ್ಣಗೊಂಡ, ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯವಿರುವ ಅದೇ ಕಟ್ಟಡದ ಹೆಸರಿನದು. ಈ ಸೊನ್ನೆ ಸಮುದ್ರಮಟ್ಟಕ್ಕಿಂತ ಇಪ್ಪತ್ತು ಮೀಟರಿಗೂ ಹೆಚ್ಚು ಕೆಳಗಿದೆ. ವಿಹಾರ ಕೆರೆ 80.12 ಮೀಟರಿಗೆ ಕೋಡಿ ಬೀಳುತ್ತದೆಂದು ಪಾಲಿಕೆ ಹೇಳುವುದು ಈ ಲೆಕ್ಕದಲ್ಲಿ. ಹಳೆಯ ಹಸ್ತಪ್ರತಿಗಳನ್ನು ಹುಡುಕಿಕೊಂಡು ಆ ಕಟ್ಟಡದ ಮೆಟ್ಟಿಲೇರಿದ ವಿದ್ವಾಂಸರಲ್ಲಿ, ನಗರದ ಮಳೆನೀರಿನ ಲೆಕ್ಕವೆಲ್ಲ ಅದರ ಹೆಸರಿನಲ್ಲಿ ನಡೆಯುತ್ತದೆಂದು ತಿಳಿದವರು ಎಷ್ಟು ಮಂದಿಯೋ.

ಮಟ್ಟ ತಿಳಿದರೂ ಹರಿವು ತಿಳಿಯದೆಂಬುದು ಅಳಿವೆಯ ಇನ್ನೊಂದು ಹಟ. ಬಿಳಿಗುಂಡ್ಲುವಿನಲ್ಲಿ ಮಟ್ಟಕ್ಕೂ ಹರಿವಿಗೂ ಸಂಬಂಧವಿದೆ; ಇಷ್ಟು ಎತ್ತರಕ್ಕೆ ಇಷ್ಟು ಕ್ಯುಸೆಕ್ ಎಂದು ನಕ್ಷೆ ಬರೆದಿಡಬಹುದು. ಧಾರಾವಿಯಲ್ಲಿ ಆ ನಕ್ಷೆ ನಡೆಯದು. ಒಂದೇ ಮಟ್ಟ ಬೆಳಿಗ್ಗೆ ನೀರು ಒಳಬರುವಾಗಲೂ ಕಾಣುತ್ತದೆ, ಮಧ್ಯಾಹ್ನ ನೀರು ಹೊರಹೋಗುವಾಗಲೂ ಕಾಣುತ್ತದೆ. ಏರಿದ ನೀರಿನಲ್ಲಿ ಮಳೆಯ ಪಾಲೆಷ್ಟು, ಚಂದ್ರನ ಪಾಲೆಷ್ಟು? ಹಲವು ಕೈಗಳು ಬರೆದ ಓಲೆಗರಿಯಲ್ಲಿ ಮೂಲವನ್ನೂ ಪ್ರಕ್ಷೇಪವನ್ನೂ ಬಿಡಿಸುವ ಕೆಲಸವನ್ನು ಇದು ಹೋಲುತ್ತದೆ, ಮತ್ತು ಬಿಡಿಸುವ ರೀತಿಯೂ ಅಂಥದೇ: ಒಂದೇ ಪ್ರತಿಯನ್ನು ನಂಬದೆ ಹಲವನ್ನು ಹೋಲಿಸುವುದು. ಮೇಲೆ ಪವಯಿಯ ಬಳಿ ಒಂದು ಮಾಪಕ, ನಡುವೆ ಕುರ್ಲಾದಲ್ಲಿ ಒಂದು, ಕೆಳಗೆ ಮಾಹಿಮಿನಲ್ಲಿ ಒಂದು ಇದ್ದರೆ, ಕೆಳಗಿನದು ಮೊದಲು ಏರಿತೇ ಮೇಲಿನದು ಮೊದಲು ಏರಿತೇ ಎಂಬುದರಿಂದಲೇ ಬಹಳಷ್ಟು ತಿಳಿಯುತ್ತದೆ. ಮೇಲಿನದು ಮೊದಲು ಏರಿದರೆ ಕೆಳಗಿನವರಿಗೆ ಒಂದಿಷ್ಟು ಸಮಯ ದೊರೆಯುತ್ತದೆ, ಮಕ್ಕಳನ್ನೂ ಮುದುಕರನ್ನೂ ಹೊರಗೆ ತರುವಷ್ಟು.

2025ರ ಆಗಸ್ಟ್ 19ರಂದು ಹಾಗೆಯೇ ಆಯಿತು. ಮಿಠಿ 3.9 ಮೀಟರಿನವರೆಗೆ ಏರಿತು. ಕುರ್ಲಾದ ಕ್ರಾಂತಿನಗರದಿಂದ ನೂರಾರು ಜನರನ್ನು ಬೇರೆಡೆಗೆ ಕರೆದೊಯ್ದರು. ಇಪ್ಪತ್ತು ವರ್ಷಗಳ ಹಿಂದೆ ನೀರು ಮನೆಯೊಳಗೆ ಬಂದ ಮೇಲೆ ತಿಳಿದದ್ದು ಈ ಬಾರಿ ಒಂದು ಅಂಕಿಯಾಗಿ ಮೊದಲು ತಿಳಿಯಿತು. ಅಂಕಿ ಕಂಡೊಡನೆ ಮನೆ ಬಿಡುವುದು ಸುಲಭವೆಂದು ದೂರದಲ್ಲಿ ಕುಳಿತವರು ಭಾವಿಸಬಾರದು. ಬೀಗ ಗಟ್ಟಿಯಿಲ್ಲದ ಮನೆ, ಕಂತಿನಲ್ಲಿ ಕೊಂಡ ಹೊಲಿಗೆಯಂತ್ರ, ಮರುದಿನದ ಕೂಲಿ, ಇವನ್ನು ಬಿಟ್ಟು ಪಾಲಿಕೆಯ ಶಾಲೆಯ ನೆಲದ ಮೇಲೆ ರಾತ್ರಿ ಕಳೆಯಬೇಕು. ಎರಡು ಸಲ ಕರೆದು ನೀರು ಬಾರದಿದ್ದರೆ ಮೂರನೆಯ ಸಲ ಯಾರೂ ಏಳುವುದಿಲ್ಲ. ಹೆಚ್ಚು ತೋರಿಸಿದ ಮಾಪಕವೂ ಕಡಿಮೆ ತೋರಿಸಿದಷ್ಟೇ ಹಾನಿ ಮಾಡಬಲ್ಲದು.

ಆದುದರಿಂದ ಗುಳ್ಳೆಯ ಸಾಧನ ಎಷ್ಟೇ ಸ್ವಯಂಚಾಲಿತವಾದರೂ ಅದರ ಪಕ್ಕದಲ್ಲಿ ಹಳೆಯ ಅಳತೆಪಟ್ಟಿಯನ್ನು ಉಳಿಸಿಕೊಳ್ಳುವುದು ಈ ವೃತ್ತಿಯ ವಾಡಿಕೆ. ಗೊತ್ತಾದ ದಿನಗಳಲ್ಲಿ ಒಬ್ಬ ವೀಕ್ಷಕ ಬರುತ್ತಾನೆ. ಪೆಟ್ಟಿಗೆಯ ಬೀಗ ತೆಗೆದು ಸಾಧನ ತೋರಿಸುವ ಅಂಕಿಯನ್ನು ಬರೆದುಕೊಳ್ಳುತ್ತಾನೆ. ಗಾಳಿಯನ್ನು ಒಣಗಿಸುವ ಹರಳುಗಳ ನೀಲಿ ಬಣ್ಣ ಗುಲಾಬಿಗೆ ತಿರುಗಿದ್ದರೆ ಬದಲಾಯಿಸುತ್ತಾನೆ. ಆಮೇಲೆ ದಡಕ್ಕಿಳಿದು, ವಾಸನೆಯನ್ನು ಸಹಿಸಿಕೊಂಡು, ಎರಡು ಅಲೆಗಳ ನಡುವೆ ನೀರು ಒಂದು ಕ್ಷಣ ನಿಲ್ಲುವವರೆಗೆ ಕಾದು, ಪಟ್ಟಿಯ ಮೇಲೆ ಅದು ಎಲ್ಲಿ ನಿಂತಿತೆಂದು ಓದುತ್ತಾನೆ. ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದು, ಗಳಿಗೆಯನ್ನು ಗುರುತಿಸಿ, ವ್ಯತ್ಯಾಸವಿದ್ದರೆ ಅದನ್ನೂ ಬರೆದು, ಕೆಳಗೆ ರುಜು ಹಾಕುತ್ತಾನೆ.